ಕರಕರ ಸದ್ದು ಯಾವ ಬಾಗಿಲಿಂದ ಬಂತು? – ವಾಹನದ ಸಿಬಿ ರೇಡಿಯೋ, ಒಂದು ಪಾಠ

ಕಮ್ಯುನಿಕೇಶನ್ ಪೇಪರ್‌ನಲ್ಲಿ 'ಸಿಗ್ನಲ್ ಟು ನಾಯ್ಸ್ ರೇಷಿಯೋ' ಅಂತ ಒಂದು ಸಾಲು ಬರುತ್ತೆ. ಸೂತ್ರ ಬರೆದು, ಡಿಬಿಗೆ ಬದಲಾಯಿಸಿ, ಮಾರ್ಕ್ಸ್ ತಗೊಂಡು ಮುಂದೆ ಹೋಗ್ತೀವಿ. ಆದರೆ ಆ ನಾಯ್ಸ್ ಅನ್ನೋದು ಹುಟ್ಟೋದು ಎಲ್ಲಿ, ಯಾವ ತಂತಿ ಹಿಡಿದು ಒಳಗೆ ಬರುತ್ತೆ, ಅದನ್ನ ಹೊರಗೆ ಕಳಿಸೋದು ಹೇಗೆ ಅನ್ನೋದು ಸೂತ್ರದಲ್ಲಿ ಕಾಣಿಸೋದಿಲ್ಲ. ಇದನ್ನು ಕಲಿಯೋಕೆ ಒಂದು ಒಳ್ಳೆಯ ಉದಾಹರಣೆ ಇದೆ: ಅಮೆರಿಕದ ಲಾರಿಗಳಲ್ಲಿರುವ ಸಿಬಿ ರೇಡಿಯೋ. ಅದರಲ್ಲಿ ಬರುವ ಕರಕರ ಸದ್ದನ್ನು ಪತ್ತೆ ಹಚ್ಚಿ ಕಡಿಮೆ ಮಾಡೋದು ಹೇಗೆ ಅಂತ ಈ ಪಾಠದಲ್ಲಿ ನೋಡೋಣ. ಇಸಿ, ಇಇ, ಮೆಕ್ಯಾನಿಕಲ್ ಮೂವರಿಗೂ ಇದರಲ್ಲಿ ಪಾಲಿದೆ.

ಸಿಬಿ ಅಂದ್ರೆ ಏನು?

ಸಿಬಿ ಅಂದ್ರೆ 'ಸಿಟಿಜನ್ಸ್ ಬ್ಯಾಂಡ್', ಜನಸಾಮಾನ್ಯರಿಗೆ ಅಂತ ಬಿಟ್ಟ ರೇಡಿಯೋ ಪಟ್ಟಿ. ಅಮೆರಿಕದಲ್ಲಿ 27 ಮೆಗಾಹರ್ಟ್ಸ್ ಸುತ್ತಲಿನ ಈ ಪಟ್ಟಿ 1958ರಲ್ಲಿ ಜನರ ಬಳಕೆಗೆ ತೆರೆಯಿತು. ಮೊದಲು 23 ಚಾನೆಲ್ ಇದ್ದವು, 1977ರಿಂದ 40 ಆದವು. ಒಂದನೇ ಚಾನೆಲ್ 26.965 ಮೆಗಾಹರ್ಟ್ಸ್, ನಲವತ್ತನೆಯದು 27.405 ಮೆಗಾಹರ್ಟ್ಸ್. ಎಎಂನಲ್ಲಿ ಕಳಿಸಬಹುದಾದ ಶಕ್ತಿ ಬರೀ 4 ವ್ಯಾಟ್. ಅಂದ್ರೆ ಒಂದು ಸಣ್ಣ ರಾತ್ರಿ ದೀಪದಷ್ಟು!

1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿ ವೇಗಮಿತಿ ಬಂತು. ಎಲ್ಲಿ ಡೀಸೆಲ್ ಸಿಗುತ್ತೆ, ಎಲ್ಲಿ ಪೊಲೀಸರು ನಿಂತಿದ್ದಾರೆ ಅಂತ ಲಾರಿ ಚಾಲಕರು ಒಬ್ಬರಿಗೊಬ್ಬರು ಹೇಳೋಕೆ ಸಿಬಿ ಹಿಡಿದರು. 19ನೇ ಚಾನೆಲ್ ಲಾರಿಯವರ ಕಟ್ಟೆ ಆಯ್ತು. 9ನೇ ಚಾನೆಲ್ ತುರ್ತು ಕರೆಗೆ ಮೀಸಲು. ಮೊಬೈಲ್ ಬಂದ ಮೇಲೆ ಬಳಕೆ ಇಳಿದಿದ್ದರೂ ಸಿಬಿ ಸತ್ತಿಲ್ಲ. ಕಾರಣ ಸರಳ: ಫೋನ್ ಮಾಡೋಕೆ ಎದುರಿಗಿರುವವರ ನಂಬರ್ ಗೊತ್ತಿರಬೇಕು, ಟವರ್ ಸಿಗಬೇಕು. ಎರಡು ಮೈಲಿ ಮುಂದೆ ಮಂಜಿನಲ್ಲಿ ಗಾಡಿಗಳು ಡಿಕ್ಕಿ ಹೊಡೆದು ನಿಂತಿವೆ ಅಂತ ಹಿಂದೆ ಬರ್ತಿರೋ ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳೋಕೆ ನಂಬರ್ ಬೇಕಾಗಿಲ್ಲದ ಸಾಧನ ಬೇಕು. ಆ ಕೂಗು ಕರಕರದ ಒಳಗೆ ಮುಳುಗಿಹೋದರೆ ಆಗುವ ನಷ್ಟ ಮಾರ್ಕ್ಸ್‌ನದ್ದಲ್ಲ.

ನಮ್ಮ ಕಡೆ ಇದು ಹರಡಲೇ ಇಲ್ಲ. ಭಾರತದಲ್ಲೂ 26.957ರಿಂದ 27.283 ಮೆಗಾಹರ್ಟ್ಸ್ ಪಟ್ಟಿಗೆ ಕಡಿಮೆ ಶಕ್ತಿಯ ಬಳಕೆಗೆ ಲೈಸನ್ಸ್ ವಿನಾಯಿತಿ ಇದೆ. ಆದರೆ ಅಮೆರಿಕದ 40 ಚಾನೆಲ್‌ಗಳು ಈ ಪಟ್ಟಿಯ ಮೇಲ್ತುದಿಯನ್ನು ದಾಟಿ ಹೋಗುತ್ತವೆ. ಹಾಗಾಗಿ ಯಾರೋ ತಂದುಕೊಟ್ಟ ಸೆಟ್ಟನ್ನು ಇಲ್ಲಿ ಕಾರಿಗೆ ಹಾಕೋ ಯೋಚನೆ ಬೇಡ. ಪಾಠವನ್ನಷ್ಟೇ ತಗೊಳ್ಳೋಣ.

ಗದ್ದಲ ಇಳಿಸಿದರೆ ಶಕ್ತಿ ಏರಿಸಿದಂತೆ

ಸಿಬಿ ಕೇಳಿಸ್ತಿಲ್ಲ ಅಂದ ಕೂಡಲೇ ಹೆಚ್ಚಿನವರಿಗೆ ಹೊಳೆಯೋದು 'ಪವರ್ ಜಾಸ್ತಿ ಮಾಡೋಣ' ಅನ್ನೋದು. 4 ವ್ಯಾಟ್ ದಾಟೋದು ಕಾನೂನಿಗೆ ವಿರುದ್ಧ ಅನ್ನೋದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು, ನಮ್ಮ ಪವರ್ ಏರಿಸಿದರೆ ನಾವು ಹೇಳಿದ್ದು ಬೇರೆಯವರಿಗೆ ಕೇಳಿಸುತ್ತೆ, ಅಷ್ಟೇ. ಅವರು ಹೇಳಿದ್ದು ನಮಗೆ ಮೊದಲಿನಷ್ಟೇ ಕೇಳಿಸುತ್ತೆ. ರೇಡಿಯೋ ಹವ್ಯಾಸಿಗಳು ಇಂಥ ಸ್ಟೇಷನ್‌ಗೆ 'ಮೊಸಳೆ' ಅಂತಾರೆ: ಬಾಯಿ ಅಷ್ಟು ದೊಡ್ಡದು, ಕಿವಿ ಕಾಣಿಸೋದೇ ಇಲ್ಲ.

ಈಗ ಲೆಕ್ಕ ನೋಡಿ. ರೇಡಿಯೋ ಮೇಲಿನ ಎಸ್-ಮೀಟರ್‌ನಲ್ಲಿ ಒಂದು ಎಸ್-ಯೂನಿಟ್ ಅಂದ್ರೆ 6 ಡಿಬಿ ಅಂತ ರೂಢಿ. 6 ಡಿಬಿ ಅಂದ್ರೆ ಶಕ್ತಿಯಲ್ಲಿ ನಾಲ್ಕು ಪಟ್ಟು. ನಮ್ಮ ವಾಹನದ ಗದ್ದಲವನ್ನು ಒಂದು ಎಸ್-ಯೂನಿಟ್ ಇಳಿಸಿದರೆ, ನಮ್ಮ ಕಿವಿಯ ಮಟ್ಟಿಗೆ ಎದುರಿನವರು 4 ವ್ಯಾಟ್ ಬದಲು 16 ವ್ಯಾಟ್‌ನಲ್ಲಿ ಮಾತಾಡಿದ ಹಾಗೆ. ಎರಡು ಯೂನಿಟ್ ಇಳಿಸಿದರೆ 64 ವ್ಯಾಟ್! ಹೆದ್ದಾರಿಯಲ್ಲಿರುವ ಪ್ರತಿಯೊಬ್ಬರ ರೇಡಿಯೋವನ್ನೂ ನಮ್ಮ ಗಾಡಿಯೊಳಗೆ ಕೂತೇ ಬಲಪಡಿಸಿದಂತಾಯ್ತು. ಇಷ್ಟು ಅಗ್ಗದ ಆಂಪ್ಲಿಫೈಯರ್ ಬೇರೆ ಇಲ್ಲ.

ಸಿಬಿಗೆ ಗದ್ದಲ ಇಷ್ಟೊಂದು ಕಾಡೋದು ಯಾಕೆ? ಎಎಂನಲ್ಲಿ ಮಾತು ಇರೋದು ಅಲೆಯ ಎತ್ತರದಲ್ಲಿ. ಕಿಡಿ ಹಾರಿದಾಗ ಹುಟ್ಟುವ ಅಲೆಯೂ ಬಂದು ಆ ಎತ್ತರಕ್ಕೇ ಸೇರಿಕೊಳ್ಳುತ್ತೆ. ಇದು ಮಾತು, ಇದು ಕಿಡಿ ಅಂತ ಡಿಟೆಕ್ಟರ್‌ಗೆ ಗೊತ್ತಾಗಲ್ಲ. ಎಫ್‌ಎಂನಲ್ಲಿ ಲಿಮಿಟರ್ ಇಟ್ಟು ಎತ್ತರದ ಏರಿಳಿತವನ್ನು ಕತ್ತರಿಸಬಹುದು. ಅಮೆರಿಕದಲ್ಲಿ ಸಿಬಿಗೆ ಎಫ್‌ಎಂ ಬಳಸಲು ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಅಷ್ಟರಲ್ಲಿ ಲಾರಿಗಳಲ್ಲೆಲ್ಲ ಎಎಂ ಸೆಟ್‌ಗಳು ಕೂತಾಗಿತ್ತು.

ಮೊದಲು ಬಾಗಿಲು ಯಾವುದು ಅಂತ ನೋಡಿ

ಈ ಪಾಠದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ: ಫಿಲ್ಟರ್ ಕೊಳ್ಳುವ ಮೊದಲು ಗದ್ದಲ ಯಾವ ಬಾಗಿಲಿಂದ ಬರ್ತಿದೆ ಅಂತ ಪರೀಕ್ಷೆ ಮಾಡಿ. ರೇಡಿಯೋ ಪೆಟ್ಟಿಗೆಗೆ ಮುಖ್ಯವಾಗಿ ಇರೋದು ಎರಡೇ ಬಾಗಿಲು. ಒಂದು ಆಂಟೆನಾ ಕೇಬಲ್, ಇನ್ನೊಂದು ಪವರ್ ತಂತಿ. ಆಂಟೆನಾ ಬಾಗಿಲಿಂದ ಬರುವ ಕಳ್ಳನಿಗೆ ಪವರ್ ಬಾಗಿಲಲ್ಲಿ ಬೀಗ ಹಾಕಿದರೆ ಏನು ಉಪಯೋಗ?

ಪರೀಕ್ಷೆ ಹೀಗೆ. ಗಾಡಿ ನಿಂತಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಜಾಗ ಬಯಲಾಗಿರಲಿ, ಗ್ಯಾರೇಜ್ ಒಳಗೆ ಎಂಜಿನ್ ಓಡಿಸಬೇಡಿ.

1. ಎಂಜಿನ್ ಆಫ್ ಮಾಡಿ, ರೇಡಿಯೋ ಮಾತ್ರ ಆನ್ ಮಾಡಿ. ಸ್ಕ್ವೆಲ್ಚ್ ಪೂರ್ತಿ ತೆರೆದಿಡಿ. ಯಾರೂ ಮಾತಾಡದ ಚಾನೆಲ್ ಹಿಡಿದು ಎಸ್-ಮೀಟರ್ ಎಷ್ಟು ತೋರಿಸುತ್ತೆ ಅಂತ ಬರೆದುಕೊಳ್ಳಿ. ಇದು ನಮ್ಮ ತಳಮಟ್ಟ.
2. ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮೀಟರ್ ಏರಿತಾ? ಹಾಗಿದ್ದರೆ ಫ್ಯೂಯೆಲ್ ಪಂಪ್, ಡ್ಯಾಶ್‌ಬೋರ್ಡ್, ಚಾರ್ಜರ್ ಇವುಗಳ ಮೇಲೆ ಅನುಮಾನ.
3. ಎಂಜಿನ್ ಸ್ಟಾರ್ಟ್ ಮಾಡಿ. ಆಮೇಲೆ ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿ. ಸದ್ದು ಎಂಜಿನ್ ಜೊತೆ ಬದಲಾಗುತ್ತಾ ಕೇಳಿ.
4. ಈಗ ರೇಡಿಯೋ ಹಿಂದಿನ ಆಂಟೆನಾ ಕನೆಕ್ಟರ್ ಬಿಚ್ಚಿ. ಗದ್ದಲ ನಿಂತುಹೋದರೆ ಅದು ಆಂಟೆನಾ ಬಾಗಿಲಿಂದ ಬರ್ತಿತ್ತು. ಹಾಗೇ ಉಳಿದರೆ ಪವರ್ ಬಾಗಿಲಿಂದ.

ನಾಲ್ಕನೇ ಹೆಜ್ಜೆಯಲ್ಲಿ ಒಂದು ಎಚ್ಚರಿಕೆ: ಆಂಟೆನಾ ಬಿಚ್ಚಿರುವಾಗ ಮೈಕ್‌ನ ಬಟನ್ ಒತ್ತಲೇಬೇಡಿ. ಹೊರಗೆ ಹೋಗಲು ದಾರಿಯಿಲ್ಲದ ಶಕ್ತಿ ಹಿಂದಕ್ಕೆ ತಿರುಗಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು. ಮೈಕ್ ಬಿಚ್ಚಿಟ್ಟರೆ ಇನ್ನೂ ಒಳ್ಳೇದು.

ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ ಇದೆ. ಗಾಡಿಯ ಪವರ್ ತಂತಿ ಬಿಚ್ಚಿ, ಪಕ್ಕದಲ್ಲಿ ಬೇರೆ 12 ವೋಲ್ಟ್ ಬ್ಯಾಟರಿ ಇಟ್ಟು ಅದರಿಂದ ರೇಡಿಯೋ ಓಡಿಸಿ. ಎಂಜಿನ್ ಓಡ್ತಿದ್ದರೂ ಸದ್ದು ಹೋಯ್ತು ಅಂದ್ರೆ ತೀರ್ಪು ಖಚಿತ, ಪವರ್ ಬಾಗಿಲು. ಇನ್ನೂ ಒಂದು ಸುಳಿವು: ನೀವು ಮಾತಾಡುವಾಗ ನಿಮ್ಮ ದನಿಯ ಹಿಂದೆ ಕುಂಯ್ ಅಂತ ಕೇಳಿಸುತ್ತೆ ಅಂತ ಎದುರಿನವರು ಹೇಳಿದರೆ, ಅದೂ ಹೆಚ್ಚಾಗಿ ಪವರ್ ಬಾಗಿಲಿನ ಕೆಲಸವೇ.

ಕಿವಿಯೇ ಮೊದಲ ಉಪಕರಣ

ಬಾಗಿಲು ಗೊತ್ತಾದ ಮೇಲೆ ಕಳ್ಳ ಯಾರು ಅಂತ ಗುರುತಿಸಬೇಕು. ಪ್ರತಿಯೊಬ್ಬನಿಗೂ ಒಂದೊಂದು ದನಿ ಇದೆ.

*ಟಕ ಟಕ ಟಕ – ಇಗ್ನಿಷನ್.* ನಾಲ್ಕು ಸಿಲಿಂಡರ್, ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಕಿಡಿ. 900 ಆರ್‌ಪಿಎಂ ಐಡಲ್‌ನಲ್ಲಿ ಸೆಕೆಂಡಿಗೆ 30 ಕಿಡಿ, 3000ಕ್ಕೆ ಹೋದರೆ ಸೆಕೆಂಡಿಗೆ 100. ಐಡಲ್‌ನಲ್ಲಿ ಬಿಡಿಬಿಡಿಯಾಗಿ ಕೇಳಿಸುವ ಟಕಟಕ, ವೇಗ ಏರಿದಂತೆ ಸೇರಿಕೊಂಡು ಗುರ್ರ್ ಆಗುತ್ತೆ. ಪ್ಲಗ್‌ನಲ್ಲಿ ಹಾರುವುದು ಸಾವಿರಾರು ವೋಲ್ಟ್‌ನ ಕಿಡಿ. ಅದರ ಕರೆಂಟ್ ನ್ಯಾನೋಸೆಕೆಂಡ್‌ಗಳಲ್ಲಿ ಏರುತ್ತೆ. ಫೂರಿಯರ್ ನೆನಪಿದೆಯಲ್ಲ? ಕಾಲದಲ್ಲಿ ಎಷ್ಟು ಚೂಪಾಗಿದೆಯೋ ಆವರ್ತನದಲ್ಲಿ ಅಷ್ಟು ಅಗಲ. ಹಾಗಾಗಿ ಒಂದು ಕಿಡಿ 27 ಮೆಗಾಹರ್ಟ್ಸ್ ಸೇರಿ ನೂರಾರು ಮೆಗಾಹರ್ಟ್ಸ್‌ವರೆಗೆ ಎಲ್ಲ ಕಡೆಯೂ ಕೂಗುತ್ತೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಆದ್ದರಿಂದ ಲಾರಿಯಲ್ಲಿ ಟಕಟಕ ಕೇಳಿಸಿದರೆ ಎಲೆಕ್ಟ್ರಾನಿಕ್ ಇಂಜೆಕ್ಟರ್‌ಗಳನ್ನು ನೋಡಬೇಕು.

*ಕುಂಯ್... ಅಂತ ಏರುವ ಸಿಳ್ಳೆ – ಆಲ್ಟರ್ನೇಟರ್.* ಇದರ ಲೆಕ್ಕ ಮಜವಾಗಿದೆ. ಸಾಮಾನ್ಯ ಆಲ್ಟರ್ನೇಟರ್‌ನಲ್ಲಿ 6 ಜೋಡಿ ಧ್ರುವ, ಮೂರು ಫೇಸ್, ಆರು ಡಯೋಡ್ ಇರುತ್ತವೆ. ಒಂದು ಜೋಡಿ ಧ್ರುವಕ್ಕೆ 6 ಏರಿಳಿತ, ಒಂದು ಸುತ್ತಿಗೆ 36. ಪುಲ್ಲಿ ಅನುಪಾತ 2.5 ಅಂದುಕೊಳ್ಳಿ. ಎಂಜಿನ್ 1500 ಆರ್‌ಪಿಎಂನಲ್ಲಿದ್ದರೆ ಆಲ್ಟರ್ನೇಟರ್ 3750 ಆರ್‌ಪಿಎಂ, ಅಂದ್ರೆ ಸೆಕೆಂಡಿಗೆ 62.5 ಸುತ್ತು. 36ರಿಂದ ಗುಣಿಸಿದರೆ 2250 ಹರ್ಟ್ಸ್. ನಮ್ಮ ಕಿವಿ ಅತಿ ಚುರುಕಾಗಿ ಕೇಳಿಸಿಕೊಳ್ಳುವ ಜಾಗದ ಹತ್ತಿರವೇ ಅದು ಬಂದು ಕೂರುತ್ತೆ! ಹೆಡ್‌ಲೈಟ್ ಹಾಕಿದಾಗ ಸಿಳ್ಳೆ ಜೋರಾದರೆ ಅನುಮಾನ ಇನ್ನೂ ಗಟ್ಟಿ, ಯಾಕಂದ್ರೆ ಆಲ್ಟರ್ನೇಟರ್ ಮೇಲಿನ ಲೋಡ್ ಏರಿತು. ಒಂದು ಡಯೋಡ್ ಹೋಗಿದ್ದರೆ ಸಿಳ್ಳೆಗಿಂತ ದಪ್ಪ ದನಿ ಬರುತ್ತೆ, ಏರಿಳಿತವೂ ದೊಡ್ಡದಾಗುತ್ತೆ. ಆಗ ಫಿಲ್ಟರ್ ಹಾಕೋದು ಕಾಯಿಲೆ ಬಿಟ್ಟು ಜ್ವರಕ್ಕೆ ಮಾತ್ರೆ ಕೊಟ್ಟ ಹಾಗೆ. ಆಲ್ಟರ್ನೇಟರ್ ರಿಪೇರಿ ಮಾಡಿಸಬೇಕು.

*ಎಂಜಿನ್‌ಗೂ ತನಗೂ ಸಂಬಂಧವೇ ಇಲ್ಲದ ಸಮನಾದ ಝೇಂಕಾರ – ಸ್ವಿಚಿಂಗ್ ಕನ್ವರ್ಟರ್.* ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್, ಎಲ್‌ಇಡಿ ದೀಪ. 12 ವೋಲ್ಟನ್ನು 5 ಮಾಡುವ ಬಕ್ ಕನ್ವರ್ಟರ್ ಕೆಲವು ನೂರು ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತೆ. ಅದರ ಹಾರ್ಮೋನಿಕ್‌ಗಳು ಮೆಟ್ಟಿಲು ಮೆಟ್ಟಿಲಾಗಿ 27 ಮೆಗಾಹರ್ಟ್ಸ್ ದಾಟಿ ಹೋಗುತ್ತವೆ. ಪರೀಕ್ಷೆ ಅತಿ ಸುಲಭ, ಪಿನ್ ಕಿತ್ತು ನೋಡಿ. ಇಂದಿನ ಗಾಡಿಗಳಲ್ಲಿ ಬಾನೆಟ್ ತೆರೆಯುವ ಮುಂಚೆ ಇದನ್ನೇ ಮೊದಲು ಮಾಡಬೇಕು, ಖರ್ಚು ಸೊನ್ನೆ.

*ವೈಪರ್ ಹಾಕಿದಾಗ, ಕಿಟಕಿ ಏರಿಸಿದಾಗ ಮಾತ್ರ ಬರುವ ಗರಗರ – ಮೋಟರ್.* ಬ್ರಷ್ ಮತ್ತು ಕಮ್ಯುಟೇಟರ್ ನಡುವಿನ ಸಣ್ಣ ಕಿಡಿಗಳು.

*ಗುಂಡಿಗೆ ಇಳಿದಾಗ, ಗಾಡಿ ಕುಲುಕಿದಾಗ ಮಾತ್ರ ಬರುವ ಚಟಪಟ – ಸಡಿಲ ಜೋಡಣೆ.* ಕನೆಕ್ಟರ್, ಆಂಟೆನಾ ಬುಡ, ತುಕ್ಕು ಹಿಡಿದ ಬೋಲ್ಟ್.

*ಎಂಜಿನ್ ಆಫ್ ಇದ್ದರೂ ಬರುವ ಝರ್ರ್ – ಹೊರಗಿನದು.* ಕರೆಂಟ್ ಕಂಬದ ಮೇಲೆ ಸಡಿಲವಾದ ಭಾಗದಲ್ಲಿ ಹಾರುವ ಕಿಡಿ, ಅಮೆರಿಕದ 60 ಹರ್ಟ್ಸ್ ಲೈನಿನಲ್ಲಿ ಸೆಕೆಂಡಿಗೆ 120 ಸಲ ಬರುತ್ತೆ. ನಾಲ್ಕು ಸಿಲಿಂಡರ್ ಎಂಜಿನ್ 3600 ಆರ್‌ಪಿಎಂನಲ್ಲಿ ಕೊಡುವ ಕಿಡಿಗಳೂ ಸೆಕೆಂಡಿಗೆ 120ನೇ! ಕಿವಿಗೆ ಎರಡೂ ಒಂದೇ ಥರ ಕೇಳಿಸಬಹುದು. ಅದಕ್ಕೇ ಮೊದಲ ಹೆಜ್ಜೆಯಲ್ಲಿ ಎಂಜಿನ್ ಆಫ್ ಮಾಡಿ ತಳಮಟ್ಟ ಬರೆದುಕೊಳ್ಳಿ ಅಂದಿದ್ದು. ಒಂದು ಫರ್ಲಾಂಗು ದೂರ ಹೋಗಿ ನಿಂತಾಗ ಸದ್ದು ಕಡಿಮೆಯಾದರೆ ನಿಮ್ಮ ಗಾಡಿ ನಿರಪರಾಧಿ.

ಬಾನೆಟ್ ಒಳಗೆ ಹುಡುಕೋಕೆ ಒಂದು ಹಳೇ ಎಎಂ ಟ್ರಾನ್ಸಿಸ್ಟರ್ ರೇಡಿಯೋ ಸಾಕು. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಒಂದೊಂದೇ ತಂತಿಯ ಹತ್ತಿರ ಹಿಡಿಯುತ್ತಾ ಹೋಗಿ. ಫ್ಯಾನ್, ಬೆಲ್ಟ್, ಪ್ಲಗ್ ಲೀಡ್, ಬಿಸಿ ಸೈಲೆನ್ಸರ್ ಇವುಗಳಿಂದ ಕೈ ದೂರ ಇರಲಿ.

ಪವರ್ ಬಾಗಿಲು ಮುಚ್ಚೋದು

ರೇಡಿಯೋಗೆ ಸಿಗರೇಟ್ ಲೈಟರ್ ಸಾಕೆಟ್‌ನಿಂದ ಪವರ್ ಕೊಡೋದು ಸುಲಭ, ಆದರೆ ಆ ತಂತಿಯನ್ನು ಗಾಡಿಯ ಅರ್ಧ ಉಪಕರಣಗಳು ಹಂಚಿಕೊಂಡಿರುತ್ತವೆ. ತಂತಿಗೂ ರೆಸಿಸ್ಟೆನ್ಸ್ ಇದೆ, ಇಂಡಕ್ಟೆನ್ಸ್ ಇದೆ. ಬೇರೆಯವರ ಕರೆಂಟ್ ಏರಿಳಿದಾಗ ನಿಮ್ಮ ವೋಲ್ಟೇಜ್ ಅಲುಗಾಡುತ್ತೆ. ಬ್ಯಾಟರಿ ಮಾತ್ರ ಒಂದು ದೊಡ್ಡ ಕೆಪಾಸಿಟರ್ ಥರ, ಏರಿಳಿತವನ್ನು ನುಂಗಿಬಿಡುತ್ತೆ. ಅದಕ್ಕೆ ಮೊದಲ ಚಿಕಿತ್ಸೆ ಬ್ಯಾಟರಿಯಿಂದಲೇ ನೇರವಾಗಿ ಬೇರೆ ತಂತಿ ಎಳೆಯೋದು. ಪ್ಲಸ್ ತಂತಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಫ್ಯೂಸ್ ಇರೋದು ರೇಡಿಯೋಗಿಂತ ಹೆಚ್ಚಾಗಿ ತಂತಿಗೆ ಬೆಂಕಿ ಹತ್ತದಿರಲಿ ಅಂತ. ಪ್ಲಸ್, ಮೈನಸ್ ಎರಡನ್ನೂ ಹೆಣೆದು ತಂದರೆ ಹೊರಗಿನ ಕಾಂತಕ್ಷೇತ್ರ ಎರಡರಲ್ಲೂ ಹುಟ್ಟಿಸುವ ಅಡಚಣೆ ಬಹುಪಾಲು ರದ್ದಾಗುತ್ತೆ.

ಈಗಿನ ಎಷ್ಟೋ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ಕಂಬದ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇರುತ್ತೆ. ಅಲ್ಲಿ ನಿಮ್ಮ ಮೈನಸ್ ತಂತಿಯನ್ನು ನೇರ ಬ್ಯಾಟರಿ ಕಂಬಕ್ಕೆ ಕಟ್ಟಿದರೆ ಸೆನ್ಸರ್ ಲೆಕ್ಕ ತಪ್ಪುತ್ತೆ. ಸೆನ್ಸರ್ ಆಚೆಗಿನ ಚಾಸಿ ಗ್ರೌಂಡ್ ಬೋಲ್ಟ್‌ಗೆ ಕಟ್ಟಬೇಕು.

ಇಷ್ಟಾದರೂ ಸಿಳ್ಳೆ ಉಳಿದರೆ ಆಗ ಎಲ್‌ಸಿ ಫಿಲ್ಟರ್. 1 ಮಿಲಿಹೆನ್ರಿ ಚೋಕ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ತಗೊಳ್ಳಿ. ಎರಡರ ಗುಣಲಬ್ಧದ ವರ್ಗಮೂಲ 0.001. ಕಟ್ಆಫ್ ಆವರ್ತನ ಸುಮಾರು 159 ಹರ್ಟ್ಸ್. ನಮ್ಮ ಸಿಳ್ಳೆ 2250 ಹರ್ಟ್ಸ್, ಅಂದ್ರೆ ಕಟ್ಆಫ್‌ಗಿಂತ 14 ಪಟ್ಟು ಮೇಲೆ. ಈ ಫಿಲ್ಟರ್ ವರ್ಗದ ಪ್ರಮಾಣದಲ್ಲಿ ಇಳಿಸುತ್ತೆ, 14ರ ವರ್ಗ 196, ಡಿಬಿಯಲ್ಲಿ ಸುಮಾರು 46. ಇದು ಕಾಗದದ ಮೇಲಿನ ಲೆಕ್ಕ, ನಿಜದಲ್ಲಿ ಸ್ವಲ್ಪ ಕಡಿಮೆ ಸಿಗುತ್ತೆ. ಆದರೂ ಸಿಳ್ಳೆ ಕೇಳಿಸದಷ್ಟು ಆಗೋಕೆ ಅದು ಸಾಕು. ಚೋಕ್ ಮಾತ್ರ ರೇಡಿಯೋ ಎಳೆಯುವ ಪೂರ್ತಿ ಕರೆಂಟನ್ನು ಸ್ಯಾಚುರೇಟ್ ಆಗದೆ ಹೊರುವಂಥದ್ದಾಗಿರಬೇಕು.

ಆಂಟೆನಾ ಬಾಗಿಲು – ಇಲ್ಲಿ ಮಲ್ಟಿಮೀಟರ್ ಪೂರ್ತಿ ಕಥೆ ಹೇಳಲ್ಲ

ಈ ಬಾಗಿಲನ್ನು ಮುಚ್ಚೋ ಹಾಗಿಲ್ಲ, ಮಾತು ಬರೋದೂ ಇಲ್ಲಿಂದಲೇ. ಆದ್ದರಿಂದ ಕಳ್ಳನನ್ನು ಅವನು ಹುಟ್ಟುವ ಜಾಗದಲ್ಲೇ ಹಿಡಿಯಬೇಕು.

ಇಗ್ನಿಷನ್ ಆದರೆ ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್, ರೆಸಿಸ್ಟೆನ್ಸ್ ಇರುವ ಪ್ಲಗ್ ಲೀಡ್. ಪ್ಲಗ್ ಒಳಗಿನ ಸುಮಾರು 5 ಕಿಲೋಓಂ ಕಿಡಿಯ ಕರೆಂಟ್ ಏರುವ ವೇಗವನ್ನು ತಗ್ಗಿಸುತ್ತೆ. ಎಂಜಿನ್‌ಗೆ ಸಾಕಾಗುವ ಕಿಡಿ ಉಳಿಯುತ್ತೆ, ರೇಡಿಯೋ ಕೂಗು ಇಳಿಯುತ್ತೆ. ಬಿರುಕು ಬಿಟ್ಟ ಹಳೇ ಲೀಡ್ ಇದ್ದರೆ ಕತ್ತಲಲ್ಲಿ ಬಾನೆಟ್ ತೆರೆದಾಗ ನೀಲಿ ಕಿಡಿಯೇ ಕಾಣಿಸಬಹುದು.

ಆಮೇಲೆ ಬಾಂಡಿಂಗ್. ಬಾನೆಟ್, ಬಾಗಿಲು, ಸೈಲೆನ್ಸರ್ ಕೊಳವೆ, ಇವೆಲ್ಲ ರಬ್ಬರ್ ಅಥವಾ ಬಣ್ಣ ಬಳಿದ ಕೀಲುಗಳ ಮೇಲೆ ಕೂತಿರುತ್ತವೆ. 27 ಮೆಗಾಹರ್ಟ್ಸ್‌ನ ಅಲೆಯ ಉದ್ದ 11 ಮೀಟರ್, ಅದರ ಕಾಲು ಭಾಗ 2.75 ಮೀಟರ್. ಲಾರಿಯ ನೆಟ್ಟಗಿನ ಸೈಲೆನ್ಸರ್ ಕೊಳವೆ ಇದಕ್ಕೆ ಹತ್ತಿರದ ಉದ್ದದ್ದು, ಎಂಜಿನ್ ಗದ್ದಲವನ್ನು ಪ್ರಸಾರ ಮಾಡೋಕೆ ಒಳ್ಳೇ ಆಂಟೆನಾ! ಇಂಥ ಭಾಗಗಳನ್ನು ಚಾಸಿಗೆ ಅಗಲವಾದ ಹೆಣೆದ ತಾಮ್ರದ ಪಟ್ಟಿಯಿಂದ ಬಿಗಿಯಬೇಕು.

ಅಗಲ ಪಟ್ಟಿಯೇ ಯಾಕೆ, ಮಾಮೂಲಿ ತಂತಿ ಸಾಲದಾ? ಒಂದು ಮೀಟರ್ ತೆಳು ತಂತಿಯ ಇಂಡಕ್ಟೆನ್ಸ್ ಸುಮಾರು 1 ಮೈಕ್ರೋಹೆನ್ರಿ. ಮಲ್ಟಿಮೀಟರ್ ಹಿಡಿದರೆ ಸೊನ್ನೆ ಓಂ ಹತ್ತಿರ ತೋರಿಸಿ ಬೀಪ್ ಅನ್ನುತ್ತೆ. 2 × 3.14 × 27 ಮೆಗಾಹರ್ಟ್ಸ್ × 1 ಮೈಕ್ರೋಹೆನ್ರಿ ಲೆಕ್ಕ ಹಾಕಿ: ಸುಮಾರು 170 ಓಂ! ಡಿಸಿಗೆ ಗ್ರೌಂಡ್ ಆಗಿರೋದು ಆರ್‌ಎಫ್‌ಗೆ ಗ್ರೌಂಡೇ ಅಲ್ಲ. ಅದಕ್ಕೆ ಪಟ್ಟಿ ಗಿಡ್ಡ ಇರಬೇಕು, ಅಗಲ ಇರಬೇಕು, ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ ಬಿಗಿಯಬೇಕು. ತುಕ್ಕು ಹಿಡಿಯದಂತೆ ಮೇಲೆ ಸ್ವಲ್ಪ ಗ್ರೀಸ್.

ಇದೇ ನಿಯಮ ಆಂಟೆನಾ ಬುಡಕ್ಕೂ. ಕಾಲು ಅಲೆಯ ಆಂಟೆನಾಗೆ ಗಾಡಿಯ ಲೋಹದ ಮೈಯೇ ಇನ್ನರ್ಧ. ಲಾರಿಗಳಲ್ಲಿ ಆಂಟೆನಾ ಕೂರೋದು ಹೆಚ್ಚಾಗಿ ಕನ್ನಡಿಯ ಕಂಬಿಯ ಮೇಲೆ, ಕನ್ನಡಿ ಇರೋದು ಬಾಗಿಲ ಮೇಲೆ, ಬಾಗಿಲು ನಿಂತಿರೋದು ಗ್ರೀಸ್ ಹಚ್ಚಿದ ಕೀಲಿನ ಮೇಲೆ. ಗ್ರೌಂಡ್ ಸರಿಯಿಲ್ಲದಿದ್ದರೆ ಕೋಆಕ್ಸ್ ಕೇಬಲ್‌ನ ಹೊರಮೈಯೇ ಆಂಟೆನಾದ ಉಳಿದರ್ಧ ಆಗಿಬಿಡುತ್ತೆ. ಆ ಕೇಬಲ್ ಕ್ಯಾಬಿನ್ ಒಳಗೆ, ಚಾರ್ಜರ್, ಡ್ಯಾಶ್‌ಬೋರ್ಡ್ ತಂತಿಗಳ ಪಕ್ಕದಲ್ಲೇ ಹಾದುಹೋಗುತ್ತೆ. ಗದ್ದಲವನ್ನು ಮನೆಯೊಳಗೇ ಕರೆದು ಊಟ ಹಾಕಿದಂತೆ! ಬಾಗಿಲಿಂದ ಕ್ಯಾಬಿನ್‌ಗೆ ಒಂದು ಪಟ್ಟಿ ಹಾಕಿ, ಕೋಆಕ್ಸ್ ಮೇಲೆ ಫೆರೈಟ್ ಕೋರ್ ಸಿಕ್ಕಿಸಿದರೆ ಈ ಹೊರಮೈ ಕರೆಂಟ್ ಇಳಿಯುತ್ತೆ. ಚಾರ್ಜರ್ ತಂತಿಗೂ ಇದೇ ಮದ್ದು.

ಒಣ ಹವೆಯಲ್ಲಿ, ದೂಳು, ಹಿಮ ಬೀಸುವಾಗ ಬರುವ ಸುಯ್ ಅನ್ನೋ ಸದ್ದು ನಿಜವಾದ ಸ್ಟ್ಯಾಟಿಕ್. ಕಣಗಳು ಆಂಟೆನಾಗೆ ಬಡಿದು ಚಾರ್ಜ್ ಕೂಡಿಸುತ್ತವೆ, ಚೂಪಾದ ತುದಿಯಿಂದ ಅದು ಕೊರೊನಾ ಆಗಿ ಸೋರುತ್ತೆ. ಆಂಟೆನಾ ತುದಿಯಲ್ಲಿ ಕಾಣುವ ಆ ಪುಟ್ಟ ಗುಂಡು ಇರೋದು ಅಂದಕ್ಕಲ್ಲ. ತುದಿ ದುಂಡಗಾದರೆ ಅಲ್ಲಿನ ವಿದ್ಯುತ್ ಕ್ಷೇತ್ರ ತಗ್ಗುತ್ತೆ, ಸೋರಿಕೆಯೂ ತಗ್ಗುತ್ತೆ.

ರೇಡಿಯೋ ಮೇಲಿನ ಗುಂಡಿಗಳು ಏನು ಮಾಡ್ತವೆ?

ಸ್ಕ್ವೆಲ್ಚ್ ಗದ್ದಲವನ್ನು ಕಡಿಮೆ ಮಾಡಲ್ಲ, ಬಚ್ಚಿಡುತ್ತೆ ಅಷ್ಟೇ. ಗದ್ದಲ ಜೋರಿದ್ದರೆ ಸ್ಕ್ವೆಲ್ಚ್ ಅನ್ನೂ ಜೋರಾಗಿ ತಿರುಗಿಸಬೇಕಾಗುತ್ತೆ, ಆಗ ದೂರದ ಸಣ್ಣ ದನಿಯೂ ಅದರ ಜೊತೆ ಮುಚ್ಚಿಹೋಗುತ್ತೆ. ಮಂಜಿನಲ್ಲಿ ಎಚ್ಚರಿಕೆ ಕೂಗುವವರ ದನಿ ಅದೇ ಆಗಿದ್ದರೆ?

ಎಎನ್‌ಎಲ್ ಅನ್ನೋ ಸ್ವಿಚ್ ಡಿಟೆಕ್ಟರ್ ಹತ್ತಿರ ಕೂತು, ಮಿತಿ ಮೀರಿದ ಶಿಖರಗಳ ತಲೆ ಕತ್ತರಿಸುತ್ತೆ. ನಾಯ್ಸ್ ಬ್ಲಾಂಕರ್ ಇನ್ನೂ ಜಾಣ. ಕಿಡಿಯ ಪಲ್ಸ್ ಮೂಲದಲ್ಲಿ ಕೆಲವೇ ಮೈಕ್ರೋಸೆಕೆಂಡ್ ಇರುತ್ತೆ. ಅದು 6 ಕಿಲೋಹರ್ಟ್ಸ್‌ನ ಕಿರಿದಾದ ಫಿಲ್ಟರ್ ದಾಟಿದರೆ ಹಿಗ್ಗಿ ಸುಮಾರು 170 ಮೈಕ್ರೋಸೆಕೆಂಡ್ ಆಗುತ್ತೆ, ಆಮೇಲೆ ಕತ್ತರಿಸೋದು ಕಷ್ಟ. ಆದ್ದರಿಂದ ಬ್ಲಾಂಕರ್ ಫಿಲ್ಟರ್‌ಗಿಂತ ಮೊದಲೇ ಕೂತು, ಪಲ್ಸ್ ಬಂದ ಕ್ಷಣಕ್ಕೆ ರಿಸೀವರ್‌ನ ಬಾಯಿ ಮುಚ್ಚಿ ತೆಗೆಯುತ್ತೆ. ಸೆಕೆಂಡಿಗೆ 100 ಕಿಡಿ, ಒಂದಕ್ಕೆ 10 ಮೈಕ್ರೋಸೆಕೆಂಡ್ ಮುಚ್ಚಿದರೂ ಕಳೆದುಕೊಳ್ಳೋದು ಸಾವಿರದಲ್ಲಿ ಒಂದು ಪಾಲು ಸಮಯ ಮಾತ್ರ. ಮಾತಿಗೆ ಏನೂ ಆಗಲ್ಲ. ಆದರೆ ಸಮನಾಗಿ ಹರಿಯುವ ಸುಯ್ ಸದ್ದಿಗೆ ಬ್ಲಾಂಕರ್ ನಿರುಪಯೋಗಿ, ಅದರಲ್ಲಿ ಬೇರ್ಪಡಿಸಿ ಹಿಡಿಯೋಕೆ ಪಲ್ಸೇ ಇಲ್ಲ.

ಎಷ್ಟು ಮಾಡಿದರೂ ಉಳಿಯುವ ಗದ್ದಲ

ಎಂಜಿನ್ ಆಫ್ ಮಾಡಿ, ಊರು ದಾಟಿ, ಕಂಬಗಳಿಂದ ದೂರ ಬಯಲಲ್ಲಿ ನಿಂತರೂ ಸ್ವಲ್ಪ ಸುಯ್ ಉಳಿಯುತ್ತೆ. ಅದು ಎಲ್ಲಿಂದ?

1930ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಕಾರ್ಲ್ ಜಾನ್ಸ್ಕಿ ಇದೇ ಪ್ರಶ್ನೆ ಹಿಡಿದು ಕೂತಿದ್ದರು. ಸಾಗರದಾಚೆಗಿನ ರೇಡಿಯೋ ಫೋನ್‌ಗೆ ಅಡ್ಡಿ ಮಾಡುವ ಸ್ಟ್ಯಾಟಿಕ್ ಎಲ್ಲಿಂದ ಬರುತ್ತೆ ಅಂತ ಪತ್ತೆ ಮಾಡೋದು ಅವರ ಕೆಲಸ. ನ್ಯೂ ಜೆರ್ಸಿಯ ಹೋಮ್‌ಡೆಲ್‌ನಲ್ಲಿ, ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರಗಳ ಮೇಲೆ ತಿರುಗುವ ದೊಡ್ಡ ಆಂಟೆನಾ ಕಟ್ಟಿ, 20.5 ಮೆಗಾಹರ್ಟ್ಸ್‌ನಲ್ಲಿ ಕೇಳಿದರು. ಮೂರು ಬಗೆಯ ಗದ್ದಲ ಸಿಕ್ಕಿತು: ಹತ್ತಿರದ ಸಿಡಿಲು, ದೂರದ ಸಿಡಿಲು, ಮತ್ತು ಮೂಲ ತಿಳಿಯದ ಒಂದು ಸಮನಾದ ಸುಯ್. ಆ ಮೂರನೆಯದು 23 ಗಂಟೆ 56 ನಿಮಿಷಕ್ಕೊಮ್ಮೆ ಏರುತ್ತಿತ್ತು. ಅದು ನಕ್ಷತ್ರಗಳ ದಿನ, ಸೂರ್ಯನದ್ದಲ್ಲ. ಮೂಲ ನಮ್ಮ ಆಕಾಶಗಂಗೆ ಅಂತ 1933ರಲ್ಲಿ ಪ್ರಕಟಿಸಿದರು. ರೇಡಿಯೋ ಖಗೋಳಶಾಸ್ತ್ರ ಹುಟ್ಟಿದ್ದೇ ಹೀಗೆ, ಕರಕರ ಸದ್ದಿನ ಮೂಲ ಹುಡುಕುತ್ತಾ!

ಇದಕ್ಕೆ ನಮ್ಮ ನೆಲದಲ್ಲೂ ಒಂದು ಕೊಂಡಿ ಇದೆ. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನ ಬಳಿ, ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟಿತು. ಸಿಬಿಯ 27ರಿಂದ ಅದು ಹೆಚ್ಚು ದೂರವಿಲ್ಲ. ಲಾರಿಯವರು ಬೇಡ ಅನ್ನುವ ಸುಯ್ ಅಲ್ಲಿನವರಿಗೆ ಬೇಕಾದ ಸಿಗ್ನಲ್. ಊರಿನ ಗದ್ದಲದಿಂದ ದೂರ ಹೋಗಿ ಕಟ್ಟಿದ್ದು ಯಾಕೆ ಅಂತ ಈಗ ನಿಮಗೇ ಗೊತ್ತಾಗಿರುತ್ತೆ.

ಅಂಕಿಗಳಲ್ಲಿ ಹೇಳೋದಾದರೆ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂತ್ರಗಳ ಪ್ರಕಾರ 27 ಮೆಗಾಹರ್ಟ್ಸ್‌ನಲ್ಲಿ ಆಕಾಶಗಂಗೆಯ ಗದ್ದಲ ಉಷ್ಣ ಗದ್ದಲಕ್ಕಿಂತ ಸುಮಾರು 19 ಡಿಬಿ ಮೇಲೆ, ನಗರದೊಳಗಿನ ಮನುಷ್ಯಕೃತ ಗದ್ದಲ ಸುಮಾರು 37 ಡಿಬಿ ಮೇಲೆ. ನಡುವಿನ 18 ಡಿಬಿ ಅಂದ್ರೆ ಮೂರು ಎಸ್-ಯೂನಿಟ್, ಶಕ್ತಿಯಲ್ಲಿ ಸುಮಾರು 63 ಪಟ್ಟು. ನಮ್ಮ ಯುದ್ಧವೆಲ್ಲ ಈ ಅಂತರದೊಳಗೇ. ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತೆ: ಹೊರಗಿನ ಗದ್ದಲವೇ ಇಷ್ಟಿರುವಾಗ ಆಂಟೆನಾಗೆ ಪ್ರೀ-ಆಂಪ್ಲಿಫೈಯರ್ ಹಾಕಿ ಲಾಭವಿಲ್ಲ. ಮಾತೂ ದೊಡ್ಡದಾಗುತ್ತೆ, ಗದ್ದಲವೂ ಅಷ್ಟೇ ದೊಡ್ಡದಾಗುತ್ತೆ.

ನಮಗೆ ಇದರಿಂದ ಏನು?

ಕ್ಯಾಂಪಸ್‌ನಲ್ಲಿ ಸಿಬಿ ಇಲ್ಲದಿರಬಹುದು. ಆದರೆ ರೇಸ್ ಬಗ್ಗಿ ಕಟ್ಟುವ ತಂಡದವರಿಗೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಟೆಲಿಮೆಟ್ರಿ ಕೈಕೊಡೋದು ಗೊತ್ತು. ಡ್ರೋನ್ ಮಾಡುವವರಿಗೆ ಮೋಟರ್ ತಿರುಗಿದಾಗ ಕಂಪಾಸ್ ಅಲೆದಾಡೋದು ಗೊತ್ತು. ಸೆನ್ಸರ್ ರೀಡಿಂಗ್ ಕಾರಣವಿಲ್ಲದೆ ಕುಣಿಯೋದು ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿದ ಎಲ್ಲರಿಗೂ ಗೊತ್ತು. ಅಲ್ಲೆಲ್ಲ ಕೇಳಬೇಕಾದ ಪ್ರಶ್ನೆಗಳು ಇವೇ: ಯಾವ ಬಾಗಿಲು? ಯಾವ ದನಿ? ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ?

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೂರು ಕಾಲಂ ಸಾಕು: ಏನು ಬದಲಾಯಿಸಿದೆವು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಫಿಲ್ಟರ್, ಫೆರೈಟ್, ಬಾಂಡಿಂಗ್ ಮೂರನ್ನೂ ಒಟ್ಟಿಗೆ ಹಾಕಿ ಸದ್ದು ಹೋದರೆ, ಯಾವುದರಿಂದ ಹೋಯ್ತು ಅಂತ ಗೊತ್ತಾಗಲ್ಲ. ಆರು ತಿಂಗಳ ಮೇಲೆ ಅದೇ ಸದ್ದು ವಾಪಸ್ ಬಂದಾಗ ಮತ್ತೆ ಮೊದಲಿಂದ ಹುಡುಕಬೇಕು.

ಈ ವಾರದ ಅಭ್ಯಾಸ: ಒಂದು ಎಎಂ ರೇಡಿಯೋ ಹಿಡಿದು ಹಾಸ್ಟೆಲ್ ರೂಮಿನ ಚಾರ್ಜರ್, ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬ್, ಫ್ಯಾನ್ ರೆಗ್ಯುಲೇಟರ್ ಒಂದೊಂದರ ಹತ್ತಿರವೂ ಹೋಗಿ ಕೇಳಿ. ಯಾವುದು ಎಷ್ಟು ದೂರದವರೆಗೆ ಕೂಗುತ್ತೆ ಅಂತ ಗೇಣು ಹಾಕಿ ಅಳೆದು ಬರೆದುಕೊಳ್ಳಿ. ಆಮೇಲೆ ಆ 'ಸಿಗ್ನಲ್ ಟು ನಾಯ್ಸ್' ಸಾಲನ್ನು ಇನ್ನೊಮ್ಮೆ ಓದಿ ನೋಡಿ.